ಸಹಾಯ ಬೇಕು: ಕೇರಳದ ವೈರ್‌ಮನ್ ಪರ್ಮಿಟ್ ಮಂಗಳೂರಿನಲ್ಲಿ ನಡೆಯುತ್ತದೆಯೇ?

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡಿನವನು. ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಮುಗಿಸಿ, ಕೇರಳದ ವಿದ್ಯುತ್ ಲೈಸೆನ್ಸಿಂಗ್ ಮಂಡಳಿಯಿಂದ ವೈರ್‌ಮನ್ ಪರ್ಮಿಟ್ (ವೈರಿಂಗ್ ಕೆಲಸ ಮಾಡಲು ಬೇಕಾದ ಅನುಮತಿ ಪತ್ರ) ಪಡೆದು ಊರಿನಲ್ಲೇ ಕೆಲಸ ಮಾಡುತ್ತಿದ್ದೆ. ಈಗ ಸಂಸಾರ ಸಮೇತ ಮಂಗಳೂರಿಗೆ ಬಂದಿದ್ದೇನೆ. ಇಲ್ಲಿನ ಗುತ್ತಿಗೆದಾರರೊಬ್ಬರು ಕೆಲಸ ಕೊಡಲು ತಯಾರಿದ್ದಾರೆ, ಆದರೆ ‘ಕರ್ನಾಟಕದ ಪರ್ಮಿಟ್ ತನ್ನಿ’ ಎನ್ನುತ್ತಾರೆ. ಗಡಿಯ ತಲಪಾಡಿ ದಾಟಿದ ಕೂಡಲೇ ಕರೆಂಟು ಬದಲಾಗುತ್ತದೆಯೇ ಎಂದು ಕೇಳಬೇಕೆನಿಸಿತು; ಕೇಳಲಿಲ್ಲ, ಕೆಲಸ ಬೇಕಲ್ಲ!

ಕಚೇರಿಯೊಂದರಲ್ಲಿ ವಿಚಾರಿಸಿದರೆ ಒಬ್ಬರು ಹೊಸದಾಗಿ ಪರೀಕ್ಷೆ ಬರೆಯಬೇಕು ಎಂದರು. ಪಕ್ಕದ ಮೇಜಿನವರು, ಹಳೆಯದನ್ನೇ ಪರಿಶೀಲಿಸಿ ಮಾನ್ಯ ಮಾಡುತ್ತಾರೆ ಎಂದರು. ಐಟಿಐ ಮುಗಿಸಿದಾಗ ಸಿಕ್ಕ ನನ್ನ ಎನ್‌ಸಿವಿಟಿ (ರಾಷ್ಟ್ರೀಯ ವೃತ್ತಿ ತರಬೇತಿ ಮಂಡಳಿ) ಪ್ರಮಾಣಪತ್ರಕ್ಕೆ ದೇಶವಿಡೀ ಬೆಲೆ ಇದೆ, ಪರ್ಮಿಟ್ ಮಾತ್ರ ರಾಜ್ಯದ್ದು. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳ ಪ್ರಕಾರ ರಾಜ್ಯ ಸರ್ಕಾರ ನೀಡಿದ ಅಥವಾ ಮಾನ್ಯ ಮಾಡಿದ ಪರ್ಮಿಟ್ ಇದ್ದರೆ ಸಾಕು. ಆದರೆ ಮಾನ್ಯ ಮಾಡಿಸಿಕೊಳ್ಳುವುದು ಹೇಗೆ? ನಾನು ಸಿಕ್ಕಿಕೊಂಡಿರುವುದು ಅಲ್ಲೇ.

ಕೇರಳದ ಪರ್ಮಿಟ್ ತೋರಿಸಿ ಕರ್ನಾಟಕದ ವಿದ್ಯುತ್ ಪರಿವೀಕ್ಷಣಾಲಯದಿಂದ ಪರೀಕ್ಷೆಯಿಲ್ಲದೆ ಪರ್ಮಿಟ್ ಪಡೆದವರು ಯಾರಾದರೂ ಇದ್ದೀರಾ? ಇದ್ದರೆ, ಕೇರಳದಿಂದ ಯಾವ ಪತ್ರ ತರಿಸಬೇಕಾಯಿತು? ಇಲ್ಲವಾದರೆ, ಐಟಿಐ ಪ್ರಮಾಣಪತ್ರದ ಮೇಲೆ ಹೊಸ ಅರ್ಜಿಯನ್ನೇ ಹಾಕಲೇ?