ಸೆಲ್ಜರ್ ಸಮೀಕ್ಷೆ, ಸ್ವಿಫ್ಟ್ ಬೆಂಬಲ: ಎರಡೂ ಯಾಕೆ ಹುಸಿಯಾದವು?

ತುಂಗಾತೀರ: 2024ರ ಅಮೆರಿಕ ಚುನಾವಣೆ ಬಗ್ಗೆ ಒಂದು ಪ್ರಶ್ನೆ. ಸೆಪ್ಟೆಂಬರ್ 10ರ ರಾತ್ರಿ ಡಿಬೇಟ್ ಮುಗೀತಿದ್ದ ಹಾಗೆ ಗಾಯಕಿ ಟೇಲರ್ ಸ್ವಿಫ್ಟ್ ಡೆಮಾಕ್ರಟಿಕ್ ಅಭ್ಯರ್ಥಿ ಕಮಲಾ ಹ್ಯಾರಿಸ್‌ಗೆ ಬೆಂಬಲ ಘೋಷಿಸಿದ್ರು. ಆಕೆ ಕೊಟ್ಟ ಲಿಂಕ್ ಒತ್ತಿ ಒಂದೇ ದಿನದಲ್ಲಿ 4 ಲಕ್ಷಕ್ಕೂ ಹೆಚ್ಚು ಜನ ಮತದಾರರ ನೋಂದಣಿಯ ಸರ್ಕಾರಿ ತಾಣಕ್ಕೆ ಹೋದ್ರು. ನವೆಂಬರ್ 2ಕ್ಕೆ ಸಮೀಕ್ಷೆ ತಜ್ಞೆ ಆ್ಯನ್ ಸೆಲ್ಜರ್ ಅವರ ಅಯೋವಾ ರಾಜ್ಯದ ಸಮೀಕ್ಷೆ ಬಂತು: ಹ್ಯಾರಿಸ್ 47%, ಟ್ರಂಪ್ 44%. ಕೊನೆಗೆ ಅಯೋವಾದಲ್ಲಿ ಟ್ರಂಪ್ ಸುಮಾರು 13 ಶೇಕಡಾ ಅಂಶಗಳ ಅಂತರದಿಂದ ಗೆದ್ರು. ಸಮೀಕ್ಷೆಗಳೆಲ್ಲ ಎಡಪಂಥೀಯರ ಕೈವಾಡ ಅಂತ ಬಲಪಂಥೀಯ ಮಾಧ್ಯಮ ವರ್ಷಗಟ್ಟಲೆ ಹೇಳಿದ್ದು ನಿಜವೇ ಇರಬಹುದಾ?

ಡೆಟ್ರಾಯಿಟ್ ಕನ್ನಡಿಗ: ನನಗಂತೂ ಹಾಗೇ ಅನ್ನಿಸುತ್ತೆ. 2016, 2020, 2024, ಮೂರೂ ಸಲ ಟ್ರಂಪ್ ಬಲವನ್ನ ಕಡಿಮೆ ತೋರಿಸಿದ್ರು. ತಪ್ಪು ಪ್ರತಿ ಸಲವೂ ಒಂದೇ ಕಡೆ ವಾಲಿದ್ರೆ ಆಕಸ್ಮಿಕ ಅಂತ ಹೇಗೆ ನಂಬೋದು?

ಅಂಕಿಅಂಶ: ವಾಲಿದ್ದು ನಿಜ ಸರ್, ಆದ್ರೆ ಕೈವಾಡ ಅನ್ನೋ ಮಾತಿಗೆ ಸೆಲ್ಜರ್ ಅವರ ಹಳೇ ಲೆಕ್ಕವೇ ಉತ್ತರ. 2020ರಲ್ಲಿ ಉಳಿದವರು ಅಯೋವಾದಲ್ಲಿ ಸಮಬಲ ಅಂತಿದ್ದಾಗ ಟ್ರಂಪ್ 7 ಅಂಶ ಮುಂದಿದ್ದಾರೆ ಅಂದಿದ್ದು ಇವರೇ. ಟ್ರಂಪ್ 8ರಿಂದ ಗೆದ್ರು. ಪಕ್ಷಪಾತಿ ಆಗಿದ್ರೆ ಆವಾಗ ಯಾಕೆ ಹಾಗೆ ಹೇಳ್ತಿದ್ರು?

ತೊಂದರೆ ಇರೋದು ಫೋನ್ ಎತ್ತದವರಲ್ಲಿ. ಅಮೆರಿಕದ ಪ್ಯೂ ಸಂಶೋಧನಾ ಸಂಸ್ಥೆಯ ಫೋನ್ ಸಮೀಕ್ಷೆಗೆ 1997ರಲ್ಲಿ ನೂರಕ್ಕೆ 36 ಜನ ಸಿಗ್ತಿದ್ರು, 2018ಕ್ಕೆ ಅದು 6ಕ್ಕೆ ಇಳೀತು. ಮಾಧ್ಯಮ ಅಂದ್ರೇನೇ ಸಿಟ್ಟಿರೋ ಟ್ರಂಪ್ ಬೆಂಬಲಿಗರು ಆ ಆರರಲ್ಲಿ ಬರೋದು ಕಷ್ಟ. ಅದಕ್ಕೇ ಹಲವು ಸಂಸ್ಥೆಗಳು "ಹೋದ ಸಲ ಯಾರಿಗೆ ವೋಟ್ ಹಾಕಿದ್ರಿ" ಅಂತ ಕೇಳಿ ಲೆಕ್ಕ ಸರಿದೂಗಿಸಿದ್ವು. ಸೆಲ್ಜರ್ ಹಾಗೆ ಮಾಡಲಿಲ್ಲ. 808 ಜನ ಹೇಳಿದ್ದನ್ನ ವಯಸ್ಸು, ಲಿಂಗ, ಕ್ಷೇತ್ರ ಇಷ್ಟಕ್ಕೇ ಹೊಂದಿಸಿ ಪ್ರಕಟಿಸಿದ್ರು.

ಬಸವನಗುಡಿ ಹುಡುಗಿ: "ಬಲಪಂಥೀಯ ಮಾಧ್ಯಮ" ಅಂತ ಒಟ್ಟಾಗಿ ಹೇಳೋದೂ ಸರಿಯಲ್ಲ. ಬಲಪಂಥೀಯ ಚಾನೆಲ್ ಫಾಕ್ಸ್ ನ್ಯೂಸ್‌ನ ಸಮೀಕ್ಷೆಯನ್ನ ಒಂದು ಡೆಮಾಕ್ರಟಿಕ್ ಸಂಸ್ಥೆ, ಒಂದು ರಿಪಬ್ಲಿಕನ್ ಸಂಸ್ಥೆ ಸೇರಿ ನಡೆಸ್ತವೆ. 2019ರಲ್ಲಿ ಅದೇ ಸಮೀಕ್ಷೆ ಟ್ರಂಪ್ ವಾಗ್ದಂಡನೆ ಪರ 51% ಜನ ಇದ್ದಾರೆ ಅಂದಾಗ ಟ್ರಂಪ್ ಫಾಕ್ಸ್ ಮೇಲೇ ಹರಿಹಾಯ್ದಿದ್ರು. ಅದೇ ಚಾನೆಲ್‌ನ ರಾತ್ರಿ ಕಾರ್ಯಕ್ರಮದಲ್ಲಿ, 2024ರ ಜನವರಿಯಲ್ಲಿ, ನಿರೂಪಕ ಜೆಸ್ಸಿ ವಾಟರ್ಸ್ ಅವರು, ಸ್ವಿಫ್ಟ್ ಪೆಂಟಗನ್ನಿನ (ಅಮೆರಿಕದ ರಕ್ಷಣಾ ಇಲಾಖೆಯ) ಅಸ್ತ್ರ ಇರಬಹುದಾ ಅಂತ ಕೇಳ್ತಾರೆ! ಪೆಂಟಗನ್ನೇ ಅಲ್ಲಗಳೆಯಬೇಕಾಯ್ತು. ಹಾಡುಗಾರ್ತಿ ಮೇಲೆ ಅಷ್ಟು ಕೆಸರು ಎರಚಿ ಏನು ಸಿಕ್ತು ಹೇಳಿ?

ಡೆಟ್ರಾಯಿಟ್ ಕನ್ನಡಿಗ: ಮೇಡಂ, ಪೆಂಟಗನ್ ಕಥೆ ನಾನೂ ಒಪ್ಪಲ್ಲ. ಆದ್ರೆ ಸಂಸ್ಕೃತಿಯ ಜಗಳ ಬರೀ ಟಿವಿ ಗಲಾಟೆ ಅನ್ಕೋಬೇಡಿ. ಆ ಅಕ್ಟೋಬರ್‌ನಲ್ಲಿ ಮಿಶಿಗನ್‌ನಲ್ಲಿ ಫುಟ್‌ಬಾಲ್ ನೋಡೋಕೆ ಕೂತ್ರೆ ಪ್ರತಿ ಬ್ರೇಕ್‌ನಲ್ಲೂ ಟ್ರಂಪ್ ಜಾಹೀರಾತು. ಕೈದಿಗಳ ಲಿಂಗ ಪರಿವರ್ತನೆ ಚಿಕಿತ್ಸೆ ಬಗ್ಗೆ ಹ್ಯಾರಿಸ್ 2019ರಲ್ಲಿ ಆಡಿದ ಮಾತನ್ನೇ ತೋರಿಸ್ತಿದ್ರು, ಕೊನೆಗೆ "ಟ್ರಂಪ್ ನಿಮ್ಮ ಪರ" ಅನ್ನೋ ಸಾಲು. ನೋಡಿದವರಲ್ಲಿ 2.7 ಅಂಶ ಟ್ರಂಪ್ ಕಡೆ ವಾಲಿದ್ರು ಅಂತ ಹ್ಯಾರಿಸ್ ಪರ ಗುಂಪೇ ಲೆಕ್ಕ ಹಾಕಿತ್ತು.

ಅಂಕಿಅಂಶ: ಅದು ಜಾಹೀರಾತು ತೋರಿಸಿ ಆಮೇಲೆ ಕೇಳಿದ ಲೆಕ್ಕ, ಮತಪೆಟ್ಟಿಗೆಯದ್ದಲ್ಲ. ಲಿಂಕ್ ಒತ್ತಿದವರೆಲ್ಲ ಹೇಗೆ ಮತ ಹಾಕಿದವರಲ್ಲವೋ, ಜಾಹೀರಾತಿಗೆ ತಲೆಯಾಡಿಸಿದವರೆಲ್ಲ ಮನಸ್ಸು ಬದಲಿಸಿದವರಲ್ಲ. ಸ್ವಿಫ್ಟ್‌ಗೆ ಒಂದು ಅಳತೆ, ನಿಮ್ಮ ಜಾಹೀರಾತಿಗೆ ಇನ್ನೊಂದು ಅಳತೆ ಹಿಡಿಯೋದು ನ್ಯಾಯವಲ್ಲ. ದಿನಸಿ ಬೆಲೆಯನ್ನ ಇಬ್ಬರೂ ಮರೀತಿದ್ದೀರಿ. 2022ರ ಜೂನ್‌ನಲ್ಲಿ ಹಣದುಬ್ಬರ 9.1% ಮುಟ್ಟಿತ್ತು, ಏರಿದ ಬೆಲೆ ಆಮೇಲೆ ಇಳಿಯಲೇ ಇಲ್ಲ.

ತುಂಗಾತೀರ: ಹಾಗಾದ್ರೆ ಈ ಸಮೀಕ್ಷೆಗಾಗಿ ಸೆಲ್ಜರ್ ಮೇಲೆ ಟ್ರಂಪ್ 2024ರ ಡಿಸೆಂಬರ್‌ನಲ್ಲಿ ಹಾಕಿದ ದಾವೆ?

ಡೆಟ್ರಾಯಿಟ್ ಕನ್ನಡಿಗ: ಚುನಾವಣೆಗೆ ಮೂರು ದಿನ ಇರುವಾಗ 16 ಅಂಶ ತಪ್ಪಿದ ಸಮೀಕ್ಷೆ ಕೊಟ್ಟವರು ಜವಾಬ್ದಾರಿ ಹೊರಲೇಬೇಕು.

ಅಂಕಿಅಂಶ: ಜವಾಬ್ದಾರಿ ಬೇಕು, ಕೋರ್ಟು ಬೇಡ. ಬೇರೆ ಯಾರ ಸಂಖ್ಯೆಗೂ ಹೊಂದದಿದ್ರೂ ಆಕೆ ತನಗೆ ಬಂದ ಸಂಖ್ಯೆಯನ್ನ ಮುಚ್ಚಿಡದೆ ಪ್ರಕಟಿಸಿದ್ರು. 2020ರಲ್ಲೂ ಮಾಡಿದ್ದು ಇದನ್ನೇ. ಕೇಸಿಗೆ ಹೆದರಿ ನಾಳೆ ಎಲ್ಲರೂ ಪಕ್ಕದವರ ಸಂಖ್ಯೆ ನೋಡಿ ತಮ್ಮದನ್ನ ತಿದ್ದೋಕೆ ಶುರು ಮಾಡಿದ್ರೆ, ನಿಮ್ಮ ಟ್ರಂಪ್ ಮತದಾರರು ಲೆಕ್ಕಕ್ಕೆ ಸಿಗೋದು ಇನ್ನೂ ಕಷ್ಟವಾಗುತ್ತೆ.