ಹೇಳಿದ ದರ 100, ಕೊಟ್ಟಿದ್ದು 174: ಮದುವೆಯ ದಿನದ ಮೇಕಪ್ಪಿಗೆ ಎಷ್ಟು ತೆಗೆದಿಡಬೇಕು?

ಕೇಳಿದವರು: ನಾಲ್ಕು ತಿಂಗಳಲ್ಲಿ ಮದುಮಗಳಾಗುವವಳು

ಸಭಾಂಗಣ, ಆಮಂತ್ರಣ ಪತ್ರಿಕೆ, ಫೋಟೊ ಎಲ್ಲದರ ಎದುರೂ ಒಂದೊಂದು ಮೊತ್ತ ಬರೆದಿಟ್ಟಿದ್ದೇವೆ. ಮೇಕಪ್ ಮತ್ತು ಕೇಶಾಲಂಕಾರದ ಎದುರು ಮಾತ್ರ ಖಾಲಿ ಜಾಗವಿದೆ. ಮೂವರನ್ನು ವಿಚಾರಿಸಿದೆ, ಒಬ್ಬರು ಹೇಳಿದ್ದರ ಮೂರು ಪಟ್ಟು ಇನ್ನೊಬ್ಬರದು. ಏಕೆ ಎಂದು ಕೇಳಿದರೆ ಇಬ್ಬರೂ ನಕ್ಕರು. ನನ್ನ ಜೊತೆ ಅಮ್ಮ, ಅಕ್ಕ ಮತ್ತು ಇಬ್ಬರು ಗೆಳತಿಯರು ಸಿದ್ಧರಾಗಬೇಕು. ಎಲ್ಲಿ ಕೈ ಬಿಗಿ ಹಿಡಿಯಬಹುದು, ಎಲ್ಲಿ ಹಿಡಿಯಬಾರದು? ಊರಿಂದ ಊರಿಗೆ ದರ ಬೇರೆಯಾಗುತ್ತದೆ ಎಂದು ಗೊತ್ತು. ಹಾಗಾಗಿ ಮೊತ್ತ ಹೇಳಬೇಡಿ, ಲೆಕ್ಕ ಹಾಕುವ ಬಗೆ ಹೇಳಿ.

ಕಳೆದ ವರ್ಷ ಮದುವೆಯಾದವಳು

ಮೊತ್ತ ಬೇಡವೆಂದಿದ್ದೀರಿ, ಒಳ್ಳೆಯದಾಯಿತು. ಮದುಮಗಳ ಮೇಕಪ್ಪಿಗೆ ಅವರು ಮೊದಲು ಹೇಳಿದ ದರವನ್ನು 100 ಎಂದಿಟ್ಟುಕೊಳ್ಳಿ. ಕೊನೆಗೆ ನಾನು ಕೊಟ್ಟಿದ್ದು 174. ಮದುವೆಗೆ ಮೊದಲೇ ಒಮ್ಮೆ ಮಾಡಿಸಿ ನೋಡುವ ಟ್ರಯಲ್‌ಗೆ 20, ಅವರ ಪ್ರಯಾಣಕ್ಕೆ 8, ಬೆಳಗಿನ ಐದು ಗಂಟೆಗೆ ಮೊದಲೇ ಬಂದದ್ದಕ್ಕೆ 10, ನನ್ನ ಕೂದಲು ತೆಳುವಾದ್ದರಿಂದ ಚೌರಿಗೆ 12, ಕೃತಕ ರೆಪ್ಪೆಗೂದಲಿಗೆ 4, ಉಡುಗೆ ತೊಡಿಸಿ ಪಿನ್ ಹಾಕಿದ್ದಕ್ಕೆ 10, ಮಾಸಿದಲ್ಲಿ ಟಚ್ ಅಪ್ ಮಾಡಲು ಮಧ್ಯಾಹ್ನದವರೆಗೆ ಉಳಿದದ್ದಕ್ಕೆ 10. ಮೂಗಿಗಿಂತ ಮೂಗುತಿ ಭಾರ ಎನ್ನುತ್ತಾರಲ್ಲ, ಅಷ್ಟರವರೆಗೆ ಹೋಗಲಿಲ್ಲ, ಹತ್ತಿರ ಹೋಗಿತ್ತು.

ಅವರು ಮೋಸ ಮಾಡಿದರು ಎಂದು ನಾನು ಹೇಳುವುದಿಲ್ಲ. ಕೇಳಿದ್ದರೆ ಎಲ್ಲವನ್ನೂ ಮೊದಲೇ ಹೇಳುತ್ತಿದ್ದರು. ‘ನಿಮ್ಮ ದರ ಎಷ್ಟು’ ಎಂದು ಕೇಳಿ ಸುಮ್ಮನಾದವಳು ನಾನು. ‘ಆ ದಿನ ನಾನು ಸಿದ್ಧಳಾಗಿ ಕೋಣೆಯಿಂದ ಹೊರಗೆ ಬರುವ ಹೊತ್ತಿಗೆ ನಿಮಗೆ ಒಟ್ಟು ಎಷ್ಟು ಕೊಟ್ಟಿರುತ್ತೇನೆ’ ಎಂದು ಕೇಳಬೇಕಿತ್ತು. ನೀವು ವಿಚಾರಿಸಿದ ಮೂವರಿಗೂ ಈ ಪ್ರಶ್ನೆಯನ್ನೇ ಹಾಕಿ ನೋಡಿ. ಮೂರು ಪಟ್ಟಿನ ಅಂತರ ಬಹುಶಃ ಒಂದೂವರೆ ಪಟ್ಟಿಗೆ ಇಳಿಯುತ್ತದೆ. ಉತ್ತರವನ್ನು ಬಾಯಿಮಾತಿಗೆ ಬಿಡದೆ ಬರೆಸಿಕೊಳ್ಳಿ. ತೆರಿಗೆ ಸೇರಿದೆಯೋ ಇಲ್ಲವೋ ಎಂಬುದೂ ಅದರಲ್ಲೇ ಬರಲಿ.

ಹನ್ನೊಂದು ವರ್ಷದಿಂದ ಇದೇ ಕೆಲಸ ಮಾಡುತ್ತಿರುವವಳು

ತಂಗಿ, ನಕ್ಕ ಆ ಇಬ್ಬರ ಪರವಾಗಿ ನಾನು ಉತ್ತರ ಕೊಡುತ್ತೇನೆ. ದರದ ಅಂತರಕ್ಕೆ ದೊಡ್ಡ ಕಾರಣ ನಮ್ಮ ಪೆಟ್ಟಿಗೆಯೊಳಗಿನ ಬ್ರಾಂಡುಗಳಲ್ಲ, ನಮ್ಮ ಗಡಿಯಾರ. ಒಂದೇ ದಿನ ಮೂವರು ಮದುಮಗಳರನ್ನು ಒಪ್ಪಿಕೊಳ್ಳುವವರು ಕಡಿಮೆ ಹೇಳಬಲ್ಲರು. ಇಡೀ ದಿನವನ್ನು ಒಬ್ಬಳಿಗೇ ಕೊಡುವವರು ಆ ದಿನದ ಸಂಪಾದನೆಯನ್ನೆಲ್ಲ ಅವಳಿಂದಲೇ ಪಡೆಯಬೇಕು. ಆದ್ದರಿಂದ ಮೊದಲು ಕೇಳಬೇಕಾದದ್ದು: ಆ ದಿನ ನಿಮಗೆ ಬೇರೆ ಎಷ್ಟು ಕಡೆ ಕೆಲಸವಿದೆ? ನನ್ನ ಕೆಲಸ ಮುಗಿದ ಮೇಲೆ ಎಲ್ಲಿಗೆ ಓಡಬೇಕು?

ಗಡಿಯಾರದ ಲೆಕ್ಕವನ್ನು ಈಗಲೇ ಹಾಕೋಣ. ಮದುಮಗಳ ಮುಖಕ್ಕೆ ನನಗೆ 75 ನಿಮಿಷ, ಕೂದಲಿಗೆ 45 ನಿಮಿಷ ಬೇಕು; ಎರಡು ಗಂಟೆ ಆಯಿತು. ಉಳಿದ ನಾಲ್ವರಿಗೆ ತಲಾ 45 ನಿಮಿಷವೆಂದರೆ ಮೂರು ಗಂಟೆ. ಐದು ಗಂಟೆಗೆ ಅರ್ಧ ಗಂಟೆ ಸೇರಿಸಿ. ಯಾರಾದರೂ ಸ್ನಾನಕ್ಕೆ ಹೋಗಿರುತ್ತಾರೆ, ಯಾರಾದರೂ ಅಳುತ್ತಾರೆ. ನೀವು ಬೆಳಿಗ್ಗೆ 8ಕ್ಕೆ ಹೊರಡಬೇಕಾದರೆ ಒಬ್ಬಳೇ ಕೆಲಸ ಮಾಡುವವಳು 2.30ಕ್ಕೆ ಶುರು ಮಾಡಬೇಕು. ಆ ಹೊತ್ತಿಗೆ ಹೆಚ್ಚುವರಿ ಶುಲ್ಕ ಇದ್ದೇ ಇರುತ್ತದೆ, ನಿಮ್ಮ ನಿದ್ದೆ ಹೋಗುವುದು ಬೇರೆ. ಒಬ್ಬ ಸಹಾಯಕಿಯನ್ನು ಕರೆತನ್ನಿ ಎಂದರೆ ಮೂರು ಗಂಟೆಯಲ್ಲಿ ಮುಗಿಯುತ್ತದೆ. ಸಹಾಯಕಿಯ ಕೂಲಿ ಮತ್ತು ನಸುಕಿನ ಶುಲ್ಕ ಎರಡನ್ನೂ ಕೇಳಿ ಹೋಲಿಸಿ. ನನ್ನ ಅನುಭವದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಆಗಿರುತ್ತವೆ, ಜೊತೆಗೆ ನೀವು ಕೆಂಪು ಕಣ್ಣಿನಲ್ಲಿ ಕೂರುವುದು ತಪ್ಪುತ್ತದೆ.

ಎಚ್‌ಡಿ, ಏರ್‌ಬ್ರಷ್ ಎಂದು ದರಪಟ್ಟಿಯಲ್ಲಿ ಮೆಟ್ಟಿಲು ಕಟ್ಟಿರುತ್ತಾರೆ. ಏರ್‌ಬ್ರಷ್ ಎಂದರೆ ಪುಟ್ಟ ಕಂಪ್ರೆಸರ್‌ಗೆ ಜೋಡಿಸಿದ ಗನ್ನಿನಿಂದ, ಮುಖದ ಬಣ್ಣವನ್ನು ಸಮ ಮಾಡುವ ಫೌಂಡೇಶನ್ನನ್ನು ತುಂತುರಾಗಿ ಸಿಂಪಡಿಸುವುದು. ತೆಳುವಾಗಿ, ಸಮವಾಗಿ ಕೂರುತ್ತದೆ, ನಿಜ. ಆದರೆ ಕಣ್ಣೀರಿನ ಗೆರೆ ಬಿದ್ದರೆ ಬೆರಳಿನಿಂದ ಸರಿಪಡಿಸುವುದು ಕಷ್ಟ, ಒಣ ಚರ್ಮದಲ್ಲಿ ಪುಡಿಪುಡಿಯಾಗಿ ಕಾಣುವುದೂ ಉಂಟು. ಎಚ್‌ಡಿ ಎಂದರೆ ಹೆಚ್ಚು ಸ್ಪಷ್ಟತೆಯ ಕ್ಯಾಮೆರಾಗಳಿಗೆ ಹೊಂದುವಂತೆ ತಯಾರಿಸಿದ ಸಾಮಗ್ರಿ. ಆ ಹೆಸರನ್ನು ಯಾರು ಬೇಕಾದರೂ ಪಟ್ಟಿಯಲ್ಲಿ ಬರೆಯಬಹುದು. ಹೆಸರಿಗಾಗಿ ಒಂದು ಮೆಟ್ಟಿಲು ಹೆಚ್ಚು ಕೊಡಬೇಡಿ. ನಿಮ್ಮಂಥ ಚರ್ಮ, ನಿಮ್ಮಂಥ ಬಣ್ಣದವರಿಗೆ ಅವರು ಮಾಡಿದ ಕೆಲಸದ, ತಿದ್ದದ ವಿಡಿಯೊ ಕೇಳಿ. ಫಿಲ್ಟರ್ ಹಾಕಿದ ಫೋಟೊದಲ್ಲಿ ನನ್ನ ಅಜ್ಜಿಯೂ ಇಪ್ಪತ್ತರವಳಂತೆ ಕಾಣುತ್ತಾಳೆ.

ಟ್ರಯಲ್‌ಗೆ ಕೊಟ್ಟ ಹಣ ಸಾರ್ಥಕವಾಗಬೇಕಾದರೆ ಅಂದು ನೀವೂ ಕೆಲಸ ಮಾಡಬೇಕು. ಮದುವೆಗೆ ನಾಲ್ಕರಿಂದ ಆರು ವಾರ ಮೊದಲು ಮಾಡಿಸಿ. ಫೌಂಡೇಶನ್ ದವಡೆಯ ಅಂಚಿನಲ್ಲಿ ಕುತ್ತಿಗೆಯ ಬಣ್ಣಕ್ಕೆ ಸೇರುತ್ತದೆಯೇ ಎಂದು ಹಗಲ ಬೆಳಕಿನಲ್ಲಿ ನೋಡಿ. ಕತ್ತಲೆ ಕೋಣೆಯಲ್ಲಿ ಫ್ಲಾಶ್ ಹಾಕಿ ಫೋಟೊ ತೆಗೆಸಿ. ಸಿಲಿಕಾ ಪುಡಿ ಅಥವಾ ಟೈಟಾನಿಯಂ ಡೈಆಕ್ಸೈಡ್, ಝಿಂಕ್ ಆಕ್ಸೈಡ್ ಇರುವ ಸನ್‌ಸ್ಕ್ರೀನ್ ಹೆಚ್ಚಾದರೆ ಫ್ಲಾಶಿನಲ್ಲಿ ಮುಖಕ್ಕೆ ಬೂದಿ ಬಳಿದಂತೆ ಬರುತ್ತದೆ. ಕನ್ನಡಿಯಲ್ಲಿ ಅದು ಕಾಣುವುದಿಲ್ಲ. ಮನೆಗೆ ಹೋಗಿ ತಕ್ಷಣ ತೊಳೆಯಬೇಡಿ. ಆರು ಗಂಟೆ ಇಟ್ಟುಕೊಂಡು ಎಲ್ಲಿ ಬಿರಿಯಿತು, ಎಲ್ಲಿ ಜಿಡ್ಡಾಯಿತು ಎಂದು ಬರೆದು ನಮಗೆ ಕಳುಹಿಸಿ. ಇಷ್ಟು ಮಾಡುವವರು ನೂರಕ್ಕೆ ಹತ್ತು ಮಂದಿಯೂ ಇಲ್ಲವೆಂದು ನನ್ನ ಅಂದಾಜು. ಉಳಿದವರು ಸೆಲ್ಫಿ ತೆಗೆದುಕೊಂಡು ಹೋಗುತ್ತಾರೆ.

ಇನ್ನು ಚೌಕಾಸಿ. ‘ದರ ಇಳಿಸಿ’ ಎಂದರೆ ನಾನು ಇಳಿಸುವುದಿಲ್ಲ. ಕೆಲಸವನ್ನು ಇಳಿಸಿದರೆ ದರ ತಾನಾಗಿಯೇ ಇಳಿಯುತ್ತದೆ. ಉಡುಗೆ ಬದಲಿಸಿದಾಗ ಮಾಡುವ ಎರಡನೆಯ ಅಲಂಕಾರ ಬೇಡವೆನ್ನಿ, ತುಟಿಯ ಬಣ್ಣವನ್ನಷ್ಟೇ ಬದಲಿಸಿ ಎನ್ನಿ. ಟಚ್ ಅಪ್‌ಗೆ ನನ್ನನ್ನು ಉಳಿಸಿಕೊಳ್ಳದೆ, ನಿಮ್ಮ ಲಿಪ್‌ಸ್ಟಿಕ್, ಜಿಡ್ಡು ಹೀರುವ ಕಾಗದ ಮತ್ತು ಪೌಡರನ್ನು ಅಕ್ಕನ ಕೈಗೆ ಕೊಡಿಸಿ. ಐದು ನಿಮಿಷದಲ್ಲಿ ಹೇಳಿಕೊಡುತ್ತೇನೆ. ವಾರದ ಮಧ್ಯದ ದಿನವಾದರೆ ಹಲವರು ರಿಯಾಯಿತಿ ಕೊಡುತ್ತಾರೆ. ಕೈ ಬಿಗಿ ಹಿಡಿಯಬಾರದ ಜಾಗ ಒಂದೇ, ಶುಚಿ. ಒಬ್ಬರ ಕಣ್ಣಿಗೆ ಹೋದ ಮಸ್ಕಾರಾ ಕಡ್ಡಿಯನ್ನು ಮತ್ತೊಬ್ಬರಿಗೆ ಬಳಸುವವರು ಉಚಿತವಾಗಿ ಮಾಡುತ್ತೇನೆಂದರೂ ಬೇಡ.

ತಂಗಿಯ ಮದುವೆಯ ಖರ್ಚು ನೋಡಿಕೊಂಡ ಅಣ್ಣ

ಮೇಡಂ ಹೇಳಿದ ಗಡಿಯಾರವನ್ನು ನಾವು ಒಡೆದ ಕಥೆ ಇದು. ನಾಲ್ವರಿಗೆ ಎಂದು ಬರೆದುಕೊಟ್ಟಿದ್ದೆವು. ಬೆಳಿಗ್ಗೆ ಕುರ್ಚಿಯ ಮುಂದೆ ಸಾಲುಗಟ್ಟಿದವರು ಒಂಬತ್ತು ಮಂದಿ. ‘ಅವಳಿಗೆ ಮಾಡುತ್ತೀರಿ, ನನಗೆ ಸ್ವಲ್ಪ ಕಾಡಿಗೆ ಹಚ್ಚಿದರೆ ಏನಾಗುತ್ತದೆ’ ಎಂದು ಚಿಕ್ಕಮ್ಮ ಕೂತರು. ಚಿಕ್ಕಮ್ಮ ಕೂತ ಮೇಲೆ ಅತ್ತೆಯನ್ನು ಬಿಡಲಾಗುತ್ತದೆಯೇ? ಅತ್ತೆಯ ಮಗಳನ್ನು? ಬೇಡವೆನ್ನಲು ನನಗೆ ನಾಲಗೆ ಬರಲಿಲ್ಲ. ಮೇಕಪ್ ಮಾಡುವವರಿಗೂ ಬರಲಿಲ್ಲ, ತಲೆಗೆ ಇಷ್ಟು ಎಂದು ಅವರ ಲೆಕ್ಕ ನಡೆಯುತ್ತಿತ್ತು.

ಐದು ತಲೆಯ ಹೆಚ್ಚುವರಿ ಹಣ ನನಗೆ ದೊಡ್ಡದೆನಿಸಲಿಲ್ಲ. 70 ನಿಮಿಷ ತಡವಾಗಿ, ಫೋಟೊದವರು ತಮ್ಮ ಹೆಚ್ಚುವರಿ ಸಮಯಕ್ಕೆ ಹಾಕಿದ ಬಿಲ್ಲು ಅದನ್ನು ಮೀರಿಸಿತು. ಮೇಕಪ್ಪಿನ ತಡ ಮೇಕಪ್ಪಿನ ಖಾತೆಯಲ್ಲಿ ಕಾಣಿಸುವುದಿಲ್ಲ, ಬೇರೆ ಯಾರದೋ ಖಾತೆಯಲ್ಲಿ ಕಾಣಿಸುತ್ತದೆ.

ಎರಡು ವರ್ಷದ ನಂತರ ಇನ್ನೊಬ್ಬ ತಂಗಿಯ ಮದುವೆ. ಆಗ ಯಾರು ಎಷ್ಟು ಹೊತ್ತಿಗೆ ಕುರ್ಚಿಗೆ ಬರಬೇಕೆಂದು ಒಂದು ಹಾಳೆಯಲ್ಲಿ ಬರೆದು ಬಾಗಿಲಿಗೆ ಅಂಟಿಸಿದೆ, ಮದುಮಗಳ ಹೆಸರನ್ನು ಕೊನೆಗಿಂತ ಒಂದು ಮೊದಲು ಇಟ್ಟೆ. ತಡವಾದರೆ ಕೊನೆಯವರು ಸರಳವಾಗಿ ಮುಗಿಸಿಕೊಳ್ಳಲಿ ಎಂದು. ಕೊನೆಯ ಹೆಸರು ನನ್ನ ಹೆಂಡತಿಯದು. ಆ ವಿಷಯ ಇಲ್ಲಿ ಬೇಡ.

ತಾನೇ ಮೇಕಪ್ ಮಾಡಿಕೊಂಡವಳು

ಉಳಿಸುವ ಆಸೆಯಿಂದ ಹೊರಟೆ. ನನ್ನ ಬಳಿ ಏನೂ ಇರಲಿಲ್ಲವಾದ್ದರಿಂದ ಫೌಂಡೇಶನ್, ಕನ್ಸೀಲರ್, ಬ್ರಷ್‌ಗಳು, ಸೆಟ್ಟಿಂಗ್ ಸ್ಪ್ರೇ ಕೊಳ್ಳುವಷ್ಟರಲ್ಲಿ ಮೇಲಿನವರ ಲೆಕ್ಕದಲ್ಲಿ 60 ಮುಗಿದಿತ್ತು. ಮೊದಲೇ ಎಲ್ಲ ಇದ್ದವರಿಗೆ ಇದು ನಿಜವಾದ ಉಳಿತಾಯ, ನನಗೆ ಅರ್ಧ ಉಳಿತಾಯ. ಐದು ಬಾರಿ ಅಭ್ಯಾಸ ಮಾಡಿದ್ದೆ, ಐದು ಬಾರಿಯೂ ಕೈ ನಡುಗಿರಲಿಲ್ಲ. ಆ ದಿನ ಐಲೈನರ್ ಹಿಡಿದಾಗ ನಡುಗಿತು. ಕೂದಲಿಗೆ ಮಾತ್ರ ತಿಳಿದವರನ್ನು ಕರೆಸಿದ್ದೆ. ಅದು ಸರಿಯಾದ ನಿರ್ಧಾರ, ತಲೆಯ ಹಿಂಭಾಗಕ್ಕೆ ನನ್ನ ಕಣ್ಣು ಹೋಗುವುದಿಲ್ಲ. ಕೊಳ್ಳುವುದಾದರೆ ಮಸ್ಕಾರಾವನ್ನು ತೀರಾ ಮೊದಲೇ ತೆರೆಯಬೇಡಿ, ತೆರೆದ ಮೇಲೆ ಅದರ ಆಯುಷ್ಯ ಸುಮಾರು ಮೂರು ತಿಂಗಳು.

ಟ್ರಯಲ್ ಮಾಡಿಸದವಳು

ಟ್ರಯಲ್ ಕಡ್ಡಾಯ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಗೆಳತಿಯೊಬ್ಬಳ ಮದುವೆಗೆ ಹೋಗುವುದಿತ್ತು. ನನಗೆ ಹಿಡಿಸಿದ ಆರ್ಟಿಸ್ಟ್ ಬಳಿ ಅತಿಥಿಯ ದರದಲ್ಲಿ ಮೇಕಪ್ ಮಾಡಿಸಿಕೊಂಡು ಹೋದೆ. ಚರ್ಮಕ್ಕೆ ಹೊಂದಿತು, ರಾತ್ರಿಯವರೆಗೆ ಉಳಿಯಿತು, ಅವರ ಮಾತುಗಾರಿಕೆಯೂ ಸಹ್ಯವಾಗಿತ್ತು. (ಎರಡು ಗಂಟೆ ಮುಖಕ್ಕೆ ಮುಖ ಕೊಟ್ಟು ಕೂರಬೇಕಲ್ಲ.) ನನಗೆ ಅದೇ ಟ್ರಯಲ್.

ಹನ್ನೊಂದು ವರ್ಷದವಳು ಮತ್ತೆ

ಒಳ್ಳೆಯ ಉಪಾಯ, ನನ್ನ ಹೊಟ್ಟೆಗೆ ಹೊಡೆದರೂ ಒಪ್ಪುತ್ತೇನೆ. ಆದರೆ ಅದರಲ್ಲಿ ಮದುಮಗಳ ಕೇಶಾಲಂಕಾರದ ಪರೀಕ್ಷೆ ಆಗುವುದಿಲ್ಲ. ಚೌರಿ ಬೇಕೇ, ತಲೆಯ ಮೇಲಿನ ಆಭರಣದ ಭಾರವನ್ನು ನಿಮ್ಮ ಕೂದಲು ಹೊರುತ್ತದೆಯೇ ಎಂಬುದು ಕೂದಲು ಕಟ್ಟಿದಾಗಲೇ ತಿಳಿಯುವುದು. ಚೌರಿಯನ್ನು ನಿಮ್ಮ ಕೂದಲಿನ ಬಣ್ಣಕ್ಕೆ ಹೊಂದಿಸಿ ನೀವೇ ಕೊಂಡುಕೊಂಡರೆ ಬಾಡಿಗೆಗಿಂತ ಅಗ್ಗವಾಗುವುದೂ ಉಂಟು. ಮತ್ತೊಂದು ಮಾತು: ತಲೆಸ್ನಾನ ಹಿಂದಿನ ದಿನವೇ ಆಗಲಿ. ಆಗಷ್ಟೇ ತೊಳೆದ ನುಣುಪಾದ ಕೂದಲಿನಲ್ಲಿ ಪಿನ್ ನಿಲ್ಲುವುದಿಲ್ಲ. ಒದ್ದೆ ಕೂದಲಿನಲ್ಲಿ ಬಂದು ಕೂತರೆ ಒಣಗಿಸುವ ಸಮಯಕ್ಕೂ ಕೆಲವರು ಶುಲ್ಕ ಹಾಕುತ್ತಾರೆ.

ಕಣ್ಣು ಊದಿಸಿಕೊಂಡವಳು

ಕೃತಕ ರೆಪ್ಪೆಗೂದಲಿನ ಅಂಟಿನಿಂದ ನನ್ನ ಎರಡೂ ರೆಪ್ಪೆ ಊದಿದವು. ಕೆಲವು ಅಂಟುಗಳಲ್ಲಿ ಲೇಟೆಕ್ಸ್ ಇರುತ್ತದೆ, ನನಗೆ ಅದು ಆಗದು ಎಂದು ಆ ದಿನವೇ ತಿಳಿದದ್ದು. ಪುಣ್ಯಕ್ಕೆ ಅದು ಟ್ರಯಲ್‌ನ ದಿನ. ಕೂದಲಿಗೆ ಬಣ್ಣ ಹಾಕಿಸುವುದಾದರೆ 48 ಗಂಟೆ ಮೊದಲು ಕಿವಿಯ ಹಿಂದೆ ಅಥವಾ ಮೊಣಕೈ ಒಳಮಗ್ಗುಲಲ್ಲಿ ಹಚ್ಚಿ ನೋಡಿ, ಡಬ್ಬಿಯ ಮೇಲೂ ಹಾಗೇ ಬರೆದಿರುತ್ತದೆ. ಹೊಸ ಫೇಶಿಯಲ್‌ನ ಪ್ರಯೋಗ ಕೊನೆಯ ವಾರದಲ್ಲಿ ಬೇಡ. ಪ್ಯಾಕೇಜಿನಲ್ಲಿ ಉಚಿತ ಎಂದು ಸೇರಿಸಿದ್ದರೂ ಬೇಡ.

ದಿನಾಂಕ ಬದಲಾದವಳು

ಅರ್ಧದಷ್ಟು ಮುಂಗಡ ಕೊಟ್ಟಿದ್ದೆ. ಮನೆಯಲ್ಲಿ ಸಾವಾಗಿ ಮದುವೆ ಮುಂದಕ್ಕೆ ಹೋಯಿತು. ಹೊಸ ದಿನ ಅವರಿಗೆ ಬಿಡುವಿರಲಿಲ್ಲ, ಮುಂಗಡ ಹಿಂದಕ್ಕೆ ಬರಲಿಲ್ಲ. ಕರಾರಿನಲ್ಲಿ ‘ರದ್ದಾದರೆ’ ಎಂದಿತ್ತು, ‘ಮುಂದೂಡಿದರೆ’ ಎಂಬ ಮಾತೇ ಇರಲಿಲ್ಲ. ಎರಡನ್ನೂ ಬರೆಸಿ. ಅವರಿಗೇ ಜ್ವರ ಬಂದರೆ ಯಾರು ಬರುತ್ತಾರೆ, ಅವರ ಬದಲಿಗೆ ಶಿಷ್ಯೆ ಬಂದರೆ ದರ ಇಳಿಯುತ್ತದೆಯೇ, ಅದನ್ನೂ.

ಕೇಳಿದವಳು, ಹತ್ತು ದಿನದ ನಂತರ

ಎಲ್ಲರ ಮಾತನ್ನೂ ಓದಿ, ಮೂವರಿಗೂ ಅದೇ ಪ್ರಶ್ನೆ ಹಾಕಿದೆ. ಅಗ್ಗದವರ ಒಟ್ಟು ಮೊತ್ತ ಬಹುತೇಕ ಇಮ್ಮಡಿಯಾಯಿತು. ದುಬಾರಿಯವರದು ಒಂದು ಪೈಸೆಯೂ ಏರಲಿಲ್ಲ, ಅವರದರಲ್ಲಿ ಎಲ್ಲವೂ ಸೇರಿತ್ತು. ಕೊನೆಗೆ ನಡುವಿನವರನ್ನು ಒಪ್ಪಿದೆ. ನನಗೆ 100, ಟ್ರಯಲ್‌ಗೆ 20, ಅಮ್ಮ ಮತ್ತು ಅಕ್ಕನಿಗೆ ತಲಾ 30, ಗೆಳತಿಯರಿಗೆ ಕೂದಲು ಮಾತ್ರ, ತಲಾ 12. ಪ್ರಯಾಣಕ್ಕೆ 8. ಸಹಾಯಕಿ ಇದರಲ್ಲೇ ಬರುತ್ತಾಳೆ, ಹಾಗಾಗಿ ನಸುಕಿನ ಶುಲ್ಕವಿಲ್ಲ. ಎರಡನೆಯ ಅಲಂಕಾರವನ್ನೂ ಕೃತಕ ರೆಪ್ಪೆಯನ್ನೂ ಬಿಟ್ಟೆ. 212 ಆಯಿತು, ಬರದೆ ಇರಲಾರದ ಚಿಕ್ಕಮ್ಮಂದಿರಿಗೆಂದು 21 ತೆಗೆದಿಟ್ಟೆ. ಒಟ್ಟು 233. ಮೊದಲ ದಿನ ನನ್ನ ಮನಸ್ಸಿನಲ್ಲಿದ್ದದ್ದು ಬರೀ 100.

ಹಾಳೆಯನ್ನು ಅಪ್ಪನಿಗೆ ತೋರಿಸಿದೆ. ಕನ್ನಡಕ ಏರಿಸಿ ಮೇಲಿನಿಂದ ಕೆಳಗಿನವರೆಗೆ ಓದಿ, ‘ನನ್ನ ಕ್ಷೌರ ಎಲ್ಲಿದೆ?’ ಎಂದರು. ಬರೆದಿರಲಿಲ್ಲ. ಈಗ 234.