ಕೋಡಿ ಹಳ್ಳಕ್ಕೆ ಒಂದು ಸೇತುವೆ ಬೇಕು, ಯಾರ ಹತ್ರ ಹೋಗ್ಬೇಕು? – ಕೋಲಾರ ತಾಲ್ಲೂಕು

ಹಳ್ಳದಾಚೆ ಹುಡುಗ

ಎಲ್ರಿಗೂ ನಮಸ್ಕಾರ. ನಮ್ದು ಕೋಲಾರ ತಾಲ್ಲೂಕಲ್ಲಿ ಒಂದು ಸಣ್ಣ ಊರು, ನೂರಿಪ್ಪತ್ತು ಮನೆ ಇರ್ಬೋದು. ಊರಿಗೂ ಸ್ಕೂಲಿಗೂ ಮಧ್ಯೆ ಕೆರೆ ಕೋಡಿ ಹಳ್ಳ ಹೋಗುತ್ತೆ. ನಾನು ಚಿಕ್ಕವನಿದ್ದಾಗ ಆ ಹಳ್ಳದಲ್ಲಿ ನೀರು ನೋಡಿದ ನೆನಪೇ ಇಲ್ಲ, ಅಲ್ಲೇ ಕ್ರಿಕೆಟ್ ಆಡ್ತಿದ್ವಿ, ಟ್ರ್ಯಾಕ್ಟರು, ಹಾಲಿನ ಗಾಡಿ ಎಲ್ಲಾ ಮರಳ ಮೇಲೇ ದಾಟಿ ಹೋಗೋವು, ಅದಕ್ಕೆ ಸೇತುವೆ ಬೇಕು ಅಂತ ಯಾರಿಗೂ ಅನಿಸಿರ್ಲಿಲ್ಲ. 2018ರಲ್ಲಿ ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಕೊಳಚೆ ನೀರನ್ನ ಶುದ್ಧ ಮಾಡಿ ನಮ್ಮ ಕಡೆ ಕೆರೆಗಳಿಗೆ ಬಿಡೋ ಯೋಜನೆದು) ಲಕ್ಷ್ಮೀಸಾಗರ ಕೆರೆಗೆ ಬಂತಲ್ಲ, ಆಮೇಲೆ ಒಂದು ಕೆರೆ ತುಂಬಿ ಇನ್ನೊಂದಕ್ಕೆ ಇಳ್ಕೊಂಡು ನಮ್ಮ ಕೆರೆಗೂ ಬಂತು, 2021ರ ನವೆಂಬರ್ ಮಳೆಗೆ ಕೋಡಿ ಹರಿದಿದ್ದು ನೋಡಿ ವಯಸ್ಸಾದವರೆಲ್ಲ ಕಣ್ಣಲ್ಲಿ ನೀರು ಹಾಕ್ಕೊಂಡ್ರು. ನೀರು ಬಂದಿದ್ದು ನಮಗೆ ನಿಜಕ್ಕೂ ಸಂತೋಷ, ಬತ್ತಿಹೋಗಿದ್ದ ಬೋರುಗಳು ಮತ್ತೆ ನೀರೆತ್ತುತಾ ಇದಾವೆ.

ಆದ್ರೆ ಈಗ ವರ್ಷದಲ್ಲಿ ಆರೇಳು ತಿಂಗಳು ಹಳ್ಳದಲ್ಲಿ ಮೊಣಕಾಲುದ್ದ ನೀರು, ಮಳೆ ಬಿದ್ರೆ ಸೊಂಟದವರೆಗೆ. ಸ್ಕೂಲು, ಡೈರಿ, ಬಸ್ಸು ಎಲ್ಲಾ ಆಚೆ ಕಡೆ. ಸುತ್ತಿಕೊಂಡು ಹೋದ್ರೆ ಐದು ಕಿಲೋಮೀಟರ್. ಒಂದನೇ ಎರಡನೇ ಕ್ಲಾಸ್ ಮಕ್ಕಳನ್ನ ಹೆಗಲ ಮೇಲೆ ಕೂರಿಸ್ಕೊಂಡು ದಾಟಿಸ್ತೀವಿ, ಮಳೆ ಜೋರಾದ್ರೆ ಅವತ್ತು ಸ್ಕೂಲೇ ಇಲ್ಲ. ನಮ್ಮಮ್ಮನಿಗೆ ಅರವತ್ತೆರಡು, ಹೋದ ಕಾರ್ತೀಕದಲ್ಲಿ ಹಾಲಿನ ಕ್ಯಾನ್ ಸಮೇತ ಪಾಚಿ ಮೇಲೆ ಜಾರಿ ಬಿದ್ದು ಕೈ ಮುರ್ಕೊಂಡ್ರು.

ಮೂರು ವರ್ಷದಿಂದ ಅರ್ಜಿ ಕೊಡ್ತಾ ಇದೀವಿ. ಒಂದು ಆಫೀಸಲ್ಲಿ ಅದು ನಮ್ಮ ರಸ್ತೆ ಅಲ್ಲ ಅಂತಾರೆ, ಇನ್ನೊಂದರಲ್ಲಿ ಅದು ಕೆರೆ ಜಾಗ ನಮಗೆ ಬರಲ್ಲ ಅಂತಾರೆ, ಮತ್ತೊಂದರಲ್ಲಿ ಫಂಡ್ ಇಲ್ಲ. ಯಾವ ಸ್ಕೀಮಲ್ಲಿ ಇದಕ್ಕೆ ದುಡ್ಡು ಸಿಗುತ್ತೆ, ಗೊತ್ತಿರೋರು ದಯವಿಟ್ಟು ಹೇಳಿ. ಊರೋರು ಮನೆಗೆ ಐದು ಸಾವಿರದಂಗೆ ಚಂದಾ ಹಾಕೋಕೂ ರೆಡಿ ಇದಾರೆ.

ರಿಟೈರ್ಡ್ ಇಂಜಿನಿಯರ್, ತುಮಕೂರು

ಅಮ್ಮನ ಕೈ ಈಗ ಹೇಗಿದೆ? ನಾನು ಪಂಚಾಯತ್ ರಾಜ್ ಇಂಜಿನಿಯರಿಂಗಲ್ಲಿ ಇಪ್ಪತ್ತೊಂಬತ್ತು ವರ್ಷ ಕೆಲಸ ಮಾಡಿದವನು, ಇಂಥ ಅರ್ಜಿ ಎಷ್ಟು ನೋಡಿದೀನೋ ಲೆಕ್ಕ ಇಲ್ಲ, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ.

ಯಾವ ಸ್ಕೀಮು ಅಂತ ಕೇಳ್ತಿದೀರ, ಅದು ಕೊನೇ ಪ್ರಶ್ನೆ. ಮೊದಲನೇದು ಆ ದಾರಿ ಯಾರದ್ದು ಅನ್ನೋದು. ಮೂರು ಆಫೀಸಲ್ಲೂ ವಾಪಸ್ ಕಳಿಸಿದ್ದು ಅದಕ್ಕೇ, ದುಡ್ಡಿಲ್ಲ ಅನ್ನೋದು ಆಮೇಲಿನ ಮಾತು. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆ ಆದ್ರೆ ಲೋಕೋಪಯೋಗಿ. ಗ್ರಾಮೀಣ ರಸ್ತೆ ಆದ್ರೆ ನಮ್ಮ ಪಂಚಾಯತ್ ರಾಜ್ ಇಂಜಿನಿಯರಿಂಗ್ ಸಬ್‌ಡಿವಿಷನ್‌ನ ಪಟ್ಟೀಲಿ ಅದಕ್ಕೊಂದು ಹೆಸರು, ಉದ್ದ ಇರುತ್ತೆ. ಎರಡರಲ್ಲೂ ಇಲ್ಲ ಅಂದ್ರೆ ಗ್ರಾಮ ನಕಾಶೆ ತೆಗೆಸಿ ನೋಡಿ. ಎರಡು ಸಾಲು ಚುಕ್ಕೆ ಇದ್ರೆ ಬಂಡಿದಾರಿ, ಒಂದೇ ಸಾಲು ಚುಕ್ಕೆ ಇದ್ರೆ ಕಾಲುದಾರಿ. ನಕಾಶೇಲಿ ದಾರಿನೇ ಇಲ್ಲದೆ ಜನ ರೂಢೀಲಿ ಓಡಾಡ್ತಿರೋ ಜಾಗ ಆಗಿದ್ರೆ ಅಲ್ಲಿ ಸರ್ಕಾರದ ಒಂದು ರೂಪಾಯಿ ಹಾಕಿಸೋದೂ ಕಷ್ಟ, ನಾಳೆ ಜಮೀನಿನೋರು ಕೋರ್ಟಿಗೆ ಹೋದ್ರೆ ಎಸ್ಟಿಮೇಟಿಗೆ ಸೈನ್ ಹಾಕಿದ ಇಂಜಿನಿಯರೇ ಉತ್ತರ ಕೊಡ್ಬೇಕು. ಆದ್ರಿಂದ ಮೊದ್ಲು ಸರ್ವೆ.

ಎರಡನೇದು ಕೆರೆ. ಅಚ್ಚುಕಟ್ಟು, ಅಂದ್ರೆ ಆ ಕೆರೆ ನೀರು ಹಾಯೋ ಜಮೀನು, 40 ಹೆಕ್ಟೇರ್ ಮೇಲಿದ್ರೆ ಆ ಕೆರೆ ಸಣ್ಣ ನೀರಾವರಿ ಇಲಾಖೇದು, ಅದಕ್ಕಿಂತ ಕಮ್ಮಿ ಇದ್ರೆ ಪಂಚಾಯತ್ ಕಡೆದು. ಇದು ಯಾಕೆ ಮುಖ್ಯ ಅಂದ್ರೆ, ನಿಮ್ಮದು ಕೋಡಿ ಕೆಳಗಿನ ಹಳ್ಳ. ಸಣ್ಣ ನೀರಾವರಿಯವರು ಹಳ್ಳಗಳಿಗೆ ಚೆಕ್‌ಡ್ಯಾಂ ಕಟ್ತಾರೆ, ಅದರ ಮೇಲೇ ಗಾಡಿ ಓಡಾಡೋ ಹಾಗೆ ಸ್ಲ್ಯಾಬ್ ಕೊಟ್ಟು ಸೇತುವೆ ಸಹಿತ ಬ್ಯಾರೇಜು ಅಂತಾನೂ ಮಾಡ್ತಾರೆ. ನೀರೂ ನಿಲ್ಲುತ್ತೆ, ಜನಾನೂ ದಾಟ್ತಾರೆ. ಬರೀ ಸೇತುವೆ ಕೇಳೋದಕ್ಕಿಂತ ನಿಮ್ಮ ಕೇಸಲ್ಲಿ ಇದಕ್ಕೇ ಜಾಸ್ತಿ ದಾರಿ ಇದೆ ಅಂತ ನನಗೆ ಅನಿಸುತ್ತೆ.

ಮೂರನೇದು ಅಳತೆ. ಹಳ್ಳ ಎಷ್ಟು ಅಗಲ? 6 ಮೀಟರ್ ಒಳಗಿದ್ರೆ ಮೋರಿ, ಅದಕ್ಕಿಂತ ಜಾಸ್ತಿ ಆದ್ರೆ ಸೇತುವೆ ಲೆಕ್ಕ, ಖರ್ಚೂ ಬೇರೆ ಡಿಸೈನೂ ಬೇರೆ. 2021ರಲ್ಲಿ ನೀರು ಗರಿಷ್ಠ ಎಲ್ಲಿವರೆಗೆ ಬಂದಿತ್ತು ಅಂತ ಗುರುತು ಇದ್ರೆ ಮರದ ಮೇಲೋ ಬಂಡೆ ಮೇಲೋ ಪೇಂಟ್ ಹಾಕಿ ತಾರೀಕು ಬರೆದಿಡಿ. ಜೆ.ಇ. (ಜೂನಿಯರ್ ಇಂಜಿನಿಯರ್) ಬಂದಾಗ ಮೊದಲು ಕೇಳೋದೇ ಅದು, ಯಾರಿಗೂ ಸರಿಯಾಗಿ ಗೊತ್ತಿಲ್ಲ ಅಂದ್ರೆ ಅಂದಾಜಲ್ಲಿ ಪೈಪು ಹಾಕಿಬಿಡ್ತಾರೆ, ಮುಂದಿನ ಮಳೆಗೆ ಪಕ್ಕದ ಮಣ್ಣು ಕೊಚ್ಚಿಕೊಂಡು ಹೋಗುತ್ತೆ.

ಇನ್ನು ದುಡ್ಡು. ಶಾಸಕರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ, ಇಡೀ ಕ್ಷೇತ್ರಕ್ಕೆ. ಸಂಸದರದ್ದು 5 ಕೋಟಿ, ಕೋಲಾರ ಲೋಕಸಭೆಗೆ ಎಂಟು ವಿಧಾನಸಭಾ ಕ್ಷೇತ್ರ, ಶಿಡ್ಲಘಟ್ಟ ಚಿಂತಾಮಣೀನೂ ಸೇರಿ. ಭಾಗ ಮಾಡಿ ನೋಡಿ, ಒಂದೂರಿಗೆ ಎಷ್ಟು ಉಳಿಯುತ್ತೆ ಅಂತ. ದೊಡ್ಡ ಮೊತ್ತ ಬೇಕಾದ್ರೆ ನಬಾರ್ಡ್ ಬ್ಯಾಂಕಿನ ಆರ್‌ಐಡಿಎಫ್ (ಗ್ರಾಮೀಣ ಮೂಲಸೌಕರ್ಯ ಅಭಿವೃದ್ಧಿ ನಿಧಿ) ಇದೆ, 1995-96ರಿಂದ ನಡೀತಿದೆ, ಗ್ರಾಮೀಣ ಸೇತುವೆಗೆ ಅದರಲ್ಲಿ ಕೊಡ್ತಾರೆ. ಆದ್ರೆ ಅದು ರಾಜ್ಯ ಸರ್ಕಾರಕ್ಕೆ ಕೊಡೋ ಸಾಲ, ನೀವು ನೇರ ಅರ್ಜಿ ಹಾಕೋಕಾಗಲ್ಲ, ಇಲಾಖೆ ಪ್ರಸ್ತಾವನೆ ಕಳಿಸ್ಬೇಕು. ಎಲ್ಲದಕ್ಕೂ ಎಸ್ಟಿಮೇಟ್ ಬೇಕೇ ಬೇಕು. ಎಸ್ಟಿಮೇಟ್ ಇಲ್ಲದ ಅರ್ಜಿ ಫೈಲಲ್ಲಿ ಒಂದು ಹಾಳೆ ಅಷ್ಟೇ.

ಶಿಡ್ಲಘಟ್ಟ ಅಕ್ಕ

ನಾನು ಒಂದು ಅವಧಿ ಗ್ರಾಮ ಪಂಚಾಯ್ತಿ ಮೆಂಬರ್ ಆಗಿದ್ದೆ ತಮ್ಮಾ. ಸರ್ ಹೇಳಿದ್ದೆಲ್ಲ ಸರಿ, ಆದ್ರೆ ಅವರು ಆಫೀಸ್ ಕಡೆಯಿಂದ ಹೇಳಿದ್ರು, ನಾನು ಊರ ಕಡೆಯಿಂದ ಹೇಳ್ತೀನಿ.

ನೀವು ಮೂರು ವರ್ಷ ಅರ್ಜಿ ಕೊಟ್ಟಿದೀರ, ವಾರ್ಡ್ ಸಭೇಲಿ ಇಟ್ಟಿದೀರಾ? ನಮ್ಮ ಕಡೆ ಎಲ್ರೂ ಮಾಡೋ ತಪ್ಪು ಅದೇ, ಲೀಡರ್‌ಗಳ ಮನೆ ಬಾಗ್ಲಿಗೆ ಹೋಗ್ತಾರೆ, ವಾರ್ಡ್ ಸಭೆಗೆ ಮಾತ್ರ ಯಾರೂ ಬರಲ್ಲ. ವಾರ್ಡ್ ಸಭೇಲಿ ಬರೆಸಿ, ಅದು ಗ್ರಾಮ ಸಭೆಗೆ ಬರುತ್ತೆ, ಅಲ್ಲಿಂದ ಪಂಚಾಯ್ತಿಯ ವಾರ್ಷಿಕ ಯೋಜನೆಗೆ ಸೇರುತ್ತೆ. ಯೋಜನೆ ಪಟ್ಟೀಲಿ ಇಲ್ಲದ ಕೆಲಸಕ್ಕೆ ಪಿಡಿಓ ಮನಸ್ಸು ಮಾಡಿದ್ರೂ ದುಡ್ಡು ಹಾಕೋಕೆ ಆಗಲ್ಲ. ಸಭೇಲಿ ಮಾತಾಡಿದ್ರೆ ಸಾಲದು, ನಡವಳಿ ಪುಸ್ತಕದಲ್ಲಿ ಬರೆಯೋವರೆಗೂ ಎದ್ದು ಬರ್ಬೇಡಿ, ಆಮೇಲೆ ನಿರ್ಣಯದ ನಕಲು ಸೀಲ್ ಹಾಕಿಸಿ ತಗೊಳ್ಳಿ. ಆ ಒಂದು ಕಾಗದ ಇದ್ರೆ ನೀವು ಒಬ್ಬರೇ ಕೇಳ್ತಿರೋರಲ್ಲ, ಇಡೀ ಪಂಚಾಯ್ತಿ ಕೇಳಿದಂಗೆ.

ಪಂಚಾಯ್ತಿ ದುಡ್ಡಲ್ಲೇ ಸೇತುವೆ ಆಗಲ್ಲ, ಅದನ್ನ ಮುಂಚೇನೇ ತಿಳ್ಕೊಳ್ಳಿ. 15ನೇ ಹಣಕಾಸು ಆಯೋಗದಿಂದ ಪಂಚಾಯ್ತಿಗೆ ಬರ್ತಿದ್ದ ಅನುದಾನದಲ್ಲಿ 60 ಪರ್ಸೆಂಟ್ ಕುಡಿಯೋ ನೀರಿಗೂ ನೈರ್ಮಲ್ಯಕ್ಕೂ ಅಂತ ಕಟ್ಟಿಟ್ಟಿದ್ರು, ಉಳಿದ 40ರಲ್ಲಿ ಎಲ್ಲಾ ಹಳ್ಳಿಗೂ ಹಂಚ್ಬೇಕಿತ್ತು. ನಾವು ನರೇಗಾದಲ್ಲಿ ದಾರಿ ಮಣ್ಣು ಕೆಲಸ ಮಾಡ್ಕೊಂಡ್ವಿ, ಕೂಲಿ 60 ಸಾಮಗ್ರಿ 40 ಅನ್ನೋ ಲೆಕ್ಕ ಇದ್ದಿದ್ರಿಂದ ಕಾಂಕ್ರೀಟ್ ಜಾಸ್ತಿ ಇರೋ ಕೆಲಸ ಅದರಲ್ಲಿ ಕೂರ್ತಿರ್ಲಿಲ್ಲ. ಮುಂಚೆ ಜಿಲ್ಲಾ ಪಂಚಾಯ್ತಿ ಮೆಂಬರ್ ಅಂತ ಒಬ್ರು ಇರೋರು, ಇಂಥದ್ದನ್ನ ಹಿಡ್ಕೊಂಡು ಜಗಳ ಆಡೋಕೆ. 2021ರಲ್ಲಿ ಅವರ ಅವಧಿ ಮುಗಿದು ಆಡಳಿತಾಧಿಕಾರಿ ಕೈಗೆ ಹೋದ ಮೇಲೆ ಹಳ್ಳಿಯೋರಿಗೆ ಮಧ್ಯದ ಒಂದು ಮೆಟ್ಟಿಲೇ ಇಲ್ಲದಂಗಾಯ್ತು, ಇದು ನನಗೆ ತುಂಬಾ ನೋವಿನ ವಿಷ್ಯ.

ಇನ್ನೊಂದು. ಹಳ್ಳದ ಈಚೆ ಎಸ್‌ಸಿ ಕಾಲೋನಿ ಏನಾದ್ರೂ ಇದ್ಯಾ? ಇದ್ರೆ 2013ರ ಉಪಯೋಜನೆ ಕಾಯ್ದೆ ಪ್ರಕಾರ ಅಭಿವೃದ್ಧಿ ಬಜೆಟ್ಟಲ್ಲಿ 24.1 ಪರ್ಸೆಂಟ್ ಎಸ್‌ಸಿ ಎಸ್‌ಟಿ ಜನರಿಗೆ ಮೀಸಲು, ಇಲಾಖೆಗಳ ಹತ್ರ ಆ ಲೆಕ್ಕಶೀರ್ಷಿಕೇಲಿ ಪ್ರತ್ಯೇಕ ದುಡ್ಡಿರುತ್ತೆ. ಸಮಾಜ ಕಲ್ಯಾಣದ ತಾಲ್ಲೂಕು ಆಫೀಸಲ್ಲಿ ಕೇಳಿ. ಹೋಗುವಾಗ ಹೆಂಗಸರನ್ನ ಕರ್ಕೊಂಡು ಹೋಗಿ, ಹಾಲಿನ ಕ್ಯಾನ್ ಹೊರೋರು ಅವರು, ಅವರ ಬಾಯಲ್ಲೇ ಬರ್ಲಿ.

ಮಾಲೂರು ಮಂಜ

ಬ್ರೋ ಎಲ್ರೂ ಎಂಎಲ್‌ಎ ಎಂಪಿ ಹತ್ರ ಮಾತ್ರ ಹೋಗ್ತಾರೆ, ವಿಧಾನ ಪರಿಷತ್ ಸದಸ್ಯರನ್ನ ಮರ್ತೇ ಬಿಡ್ತಾರೆ. ಅವರಿಗೂ ಅದೇ 2 ಕೋಟಿ ಇರುತ್ತೆ. ನಮ್ಮ ಭಾಗಕ್ಕೆ ಸ್ಥಳೀಯ ಸಂಸ್ಥೆಗಳಿಂದ ಗೆದ್ದೋರು ಒಬ್ರು, ಆಗ್ನೇಯ ಶಿಕ್ಷಕರ ಕ್ಷೇತ್ರದೋರು ಒಬ್ರು, ಪದವೀಧರರ ಕ್ಷೇತ್ರದೋರು ಒಬ್ರು, ಕೊನೇ ಇಬ್ರಿಗೆ ಕೋಲಾರ ಚಿಕ್ಕಬಳ್ಳಾಪುರ ತುಮಕೂರು ಚಿತ್ರದುರ್ಗ ದಾವಣಗೆರೆ ಐದೂ ಜಿಲ್ಲೆ. ಸ್ಕೂಲ್ ಮಕ್ಕಳು ದಾಟೋ ಹಳ್ಳ ಅಂತ ಹೆಡ್‌ಮಾಸ್ಟರ್ ಲೆಟರ್ ಇಟ್ಟು ಕೇಳಿದ್ರೆ ಶಿಕ್ಷಕರ ಕ್ಷೇತ್ರದೋರಿಗೆ ಇಲ್ಲ ಅನ್ನೋಕೆ ಕಷ್ಟ. ರಾಜ್ಯಸಭಾ ಸದಸ್ಯರು ರಾಜ್ಯದಲ್ಲಿ ಎಲ್ಲಿ ಬೇಕಾದ್ರೂ ಕೊಡ್ಬೋದು. ಆಮೇಲೆ ಚಿತ್ರದುರ್ಗದಲ್ಲಿ ಬಯಲುಸೀಮೆ ಪ್ರದೇಶಾಭಿವೃದ್ಧಿ ಮಂಡಳಿ ಅಂತ ಇದೆ, ನಮ್ಮ ಜಿಲ್ಲೇನೂ ಅದರಲ್ಲಿ ಬರುತ್ತೆ, ಅಲ್ಲಿಗೂ ಒಂದು ಕಾಪಿ ಹಾಕಿ.

ಎಲ್ಲಿ ಕೊಟ್ರೂ ಇನ್‌ವರ್ಡ್ ನಂಬರ್ ಹಾಕಿಸ್ಕೊಳ್ಳದೆ ಬರ್ಬೇಡಿ. ಎರಡು ತಿಂಗಳು ಸುದ್ದಿ ಇಲ್ಲಾಂದ್ರೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಲ್ಲಿ ಇದೇ ನಂಬರಿನ ಅರ್ಜಿ ಮೇಲೆ ಏನು ಕ್ರಮ ಆಯ್ತು ಅಂತ ಕೇಳಿ, 30 ದಿನದಲ್ಲಿ ಉತ್ತರ ಕೊಡ್ಬೇಕು. ನಮ್ಮೂರ ಬಸ್ ಶೆಲ್ಟರ್ ಫೈಲ್ ಹಂಗೇ ಹೊರಗೆ ಬಂದಿದ್ದು.

ಮಧುಗಿರಿ ಕಡೆಯವನು

ಐದು ಸಾವಿರದಂಗೆ ಚಂದಾ ಅಂದ್ರೆ ಆರು ಲಕ್ಷ ಆಯ್ತಲ್ಲ. ಸರ್ಕಾರ ಯಾಕೆ ಕಾಯ್ತೀರ, ನಾವು ಅಷ್ಟರಲ್ಲೇ ಸಿಮೆಂಟ್ ಪೈಪ್ ತಂದು ಜೆಸಿಬೀಲಿ ಹಾಕಿಸಿಬಿಟ್ವಿ, ಎರಡು ವಾರದಲ್ಲಿ ಕೆಲಸ ಮುಗೀತು. ಅರ್ಜಿ ಹಿಡ್ಕೊಂಡು ತಿರುಗೋ ಅಷ್ಟರಲ್ಲಿ ಮಕ್ಕಳು ಹೈಸ್ಕೂಲಿಗೆ ಬಂದಿರ್ತಾರೆ.

ರಿಟೈರ್ಡ್ ಇಂಜಿನಿಯರ್, ತುಮಕೂರು

ನಿಮ್ಮ ಕೆಲಸಕ್ಕೆ ನನ್ನ ಗೌರವ ಇದೆ, ನಿಮ್ಮದು ಸಣ್ಣ ಹಳ್ಳ ಆಗಿರ್ಬೋದು. ಇವರದ್ದು ಕೋಡಿ ಕೆಳಗಿದೆ, ಮೇಲಿನ ಕೆರೆ ಸಾಲು ತುಂಬಿದಾಗ ಒಂದೇ ಸಲ ಬರೋ ನೀರು ಪೈಪಲ್ಲಿ ಹಿಡಿಯಲ್ಲ. ಪೈಪಿಗೆ ಕಸ ಕಟ್ಟಿದ್ರೆ ನೀರು ಹಿಂದಕ್ಕೆ ನಿಂತು ಪಕ್ಕದ ತೋಟಕ್ಕೆ ನುಗ್ಗುತ್ತೆ, ಅಲ್ಲಿಂದ ಊರಲ್ಲಿ ಜಗಳ ಶುರು. ಬೇಸಿಗೇಲಿ ಓಡಾಡೋಕೆ ತಾತ್ಕಾಲಿಕವಾಗಿ ಹಾಕ್ಕೊಳ್ಳಿ, ಬೇಡ ಅನ್ನಲ್ಲ.

ಇನ್ನೊಂದು ಮಾತು ಹೇಳಲೇಬೇಕು. ಐದು ಲಕ್ಷ ಸಿಕ್ತು ಅಂತ ಖುಷೀಲಿ ಕೆಲಸ ಶುರು ಮಾಡ್ಬೇಡಿ. ನಾನು ಸರ್ವೀಸಲ್ಲಿದ್ದಾಗ ಒಂದೂರಲ್ಲಿ ಒಬ್ಬರ ಅನುದಾನದಲ್ಲಿ ಎರಡು ಕಂಬ ಎಬ್ಬಿಸಿದ್ರು, ಉಳಿದಿದ್ದು ಮುಂದಿನ ವರ್ಷ ಅಂದ್ರು, ಆ ಮುಂದಿನ ವರ್ಷ ಬರಲೇ ಇಲ್ಲ, ನಾನು ರಿಟೈರ್ ಆಗೋವಾಗ್ಲೂ ಕಂಬ ಹಾಗೇ ನಿಂತಿದ್ವು. ಪೂರ್ತಿ ಮೊತ್ತಕ್ಕೆ ಆಡಳಿತಾತ್ಮಕ ಅನುಮೋದನೆ ಆಗ್ಲಿ, ತಾಂತ್ರಿಕ ಮಂಜೂರಾತಿ ಆಗ್ಲಿ, ಆಮೇಲೆ ಟೆಂಡರು, ಕಾರ್ಯಾದೇಶ. ಚಂದಾ ದುಡ್ಡನ್ನ ಸರ್ವೆ ಫೀಸಿಗೆ, ಜಾಗದ ಕಾಗದಪತ್ರಕ್ಕೆ ಇಟ್ಕೊಳ್ಳಿ, ಸರ್ಕಾರದೋರು ಅದಕ್ಕೆ ಕೊಡಲ್ಲ.

ಹಳ್ಳದಾಚೆ ಹುಡುಗ

ಎಲ್ರಿಗೂ ತುಂಬಾ ಥ್ಯಾಂಕ್ಸ್. ಅಮ್ಮ ಈಗ ಪರವಾಗಿಲ್ಲ ಸರ್, ಕಟ್ಟು ಬಿಚ್ಚಿದಾರೆ, ಭಾರ ಎತ್ತೋಕೆ ಮಾತ್ರ ಇನ್ನೂ ಆಗಲ್ಲ. ನಾಲ್ಕು ತಿಂಗಳಾದ ಮೇಲೆ ಬರೀತಿದೀನಿ, ಏನೇನಾಯ್ತು ಹೇಳ್ತೀನಿ.

ನಕಾಶೆ ತೆಗೆಸಿದ್ವಿ. ಊರಿಂದ ಹಳ್ಳದವರೆಗೆ ಎರಡು ಸಾಲು ಚುಕ್ಕೆ ಇದೆ, ಆಚೆ ದಡದಿಂದ ಸ್ಕೂಲ್ ರಸ್ತೆ ಸೇರೋ ನಲವತ್ತು ಮೀಟರ್ ಮಾತ್ರ ನಕಾಶೇಲಿ ಇಲ್ಲ, ಅದು ಒಬ್ಬ ತಾತನ ಹಿಡುವಳಿ ಜಮೀನು. ಇಷ್ಟು ವರ್ಷ ಓಡಾಡ್ತಿದ್ದೀವಿ, ನಮಗ್ಯಾರಿಗೂ ಗೊತ್ತೇ ಇರ್ಲಿಲ್ಲ, ಅರ್ಜಿಗಳೆಲ್ಲ ನಿಂತಿದ್ದು ಅಲ್ಲೇ. ತಾತನ ಮನೆಗೆ ಮೂರು ಸಲ ಹೋದ್ವಿ. ಮೊದಲು ಮಕ್ಕಳು ಒಪ್ಪಲಿಲ್ಲ. ಮೂರನೇ ಸಲ ಅಮ್ಮ, ಇನ್ನೂ ಆರು ಜನ ಹೆಂಗಸರು ಬಂದ್ರು, ಅಕ್ಕ ನೀವು ಹೇಳಿದಂಗೇ. ತಾತ ಕೊನೆಗೆ, ನಾನೂ ಇದೇ ಹಳ್ಳ ದಾಟಿ ಮದುವೆ ಆಗಿದ್ದು ತಗೊಳ್ಳಿ ಅಂದ್ರು. ಪಂಚಾಯ್ತಿ ಹೆಸರಿಗೆ ದಾನಪತ್ರ ರಿಜಿಸ್ಟರ್ ಆಯ್ತು, ಚಂದಾ ದುಡ್ಡು ಅದಕ್ಕೇ ಉಪಯೋಗಕ್ಕೆ ಬಂತು.

ವಾರ್ಡ್ ಸಭೇಲೂ ಗ್ರಾಮ ಸಭೇಲೂ ಬರೆಸಿದ್ವಿ, ನಿರ್ಣಯದ ನಕಲು ಕೈಲಿದೆ. ಕೆರೆ ಅಚ್ಚುಕಟ್ಟು 40 ಹೆಕ್ಟೇರ್ ಮೇಲಿದೆಯಂತೆ, ಹಾಗಾಗಿ ಸಣ್ಣ ನೀರಾವರಿಗೆ ಚೆಕ್‌ಡ್ಯಾಂ ಮೇಲೆ ಸೇತುವೆ ಅಂತಾನೇ ಕೇಳಿದೀವಿ, ಈ ಸಲ ಯಾರೂ ನಮ್ದಲ್ಲ ಅನ್ಲಿಲ್ಲ. ಹೆಡ್‌ಮಾಸ್ಟರ್ ಲೆಟರ್ ಇಟ್ಟು ಪರಿಷತ್ ಸದಸ್ಯರಿಗೂ ಕೊಟ್ಟಿದೀವಿ, ಎಸ್ಟಿಮೇಟ್ ತನ್ನಿ ನೋಡೋಣ ಅಂದಿದಾರೆ.

ನೀರಿನ ಗುರುತು ವಿಷ್ಯ ಸರ್. ಆಚೆ ದಡದಲ್ಲಿ ಒಂದು ಹಳೇ ಹುಣಸೆಮರ ಇದೆ, 2021ರಲ್ಲಿ ನೀರು ಅದರ ಕವಲಿನವರೆಗೆ ಬಂದಿತ್ತು ಅಂತ ಅಮ್ಮ ಹೇಳಿದ್ರು, ಅವತ್ತು ನಮ್ಮ ಕರು ಕೊಚ್ಚಿಕೊಂಡು ಹೋಗಿ ಅಲ್ಲೇ ಸಿಕ್ಕಾಕ್ಕೊಂಡಿತ್ತು, ಅದಕ್ಕೆ ಅವರಿಗೆ ಸರಿಯಾಗಿ ನೆನಪಿದೆ. ಇನ್ನೂ ನಾಲ್ಕು ಜನರನ್ನ ಬೇರೆ ಬೇರೆ ಕೇಳಿದ್ವಿ, ಅದೇ ಜಾಗ ತೋರಿಸಿದ್ರು. ಕೆಂಪು ಪೇಂಟಲ್ಲಿ ಗೆರೆ ಹಾಕಿ ತಾರೀಕು ಬರೆದಿದೀವಿ, ಹಳ್ಳದ ಅಗಲ ಅಲ್ಲಿ ಹದಿನಾಲ್ಕು ಮೀಟರ್ ಬರ್ತಿದೆ. ಶನಿವಾರ ಬೆಳಗ್ಗೆ ಹತ್ತಕ್ಕೆ ಎಇಇ (ಸಹಾಯಕ ಕಾರ್ಯನಿರ್ವಾಹಕ ಇಂಜಿನಿಯರ್) ಜಾಗ ನೋಡೋಕೆ ಬರ್ತಾರೆ. ಸರ್, ಅವರು ಬಂದಾಗ ನಾವು ಏನೇನು ಕೇಳ್ಬೇಕು ಅಂತ ಅಷ್ಟರೊಳಗೆ ಒಂದೆರಡು ಸಾಲು ಬರೆದ್ರೆ ಪ್ರಿಂಟ್ ತಗೊಂಡು ಇಟ್ಕೋತೀವಿ.